ಹಿಮ್ಮಡಿ ಯಂತ್ರ ಮತ್ತು ನಾಗಮ್ಮಜ್ಜಿಯ ಆಶೀರ್ವಾದ

ಗೆಳೆಯರೇ, ಎಲುಬಿನ ಗಟ್ಟಿತನದ ಸಮೀಕ್ಷೆ ಮಾಡಲು ಇಂದು ಕಕ್ಕೇರಾದಲ್ಲಿದ್ದೆ. ಹೋದ ವರ್ಷ ಜಾರಿಬಿದ್ದು ಮುಂಗೈ ಮುರಿದುಕೊಂಡಿದ್ದ ನಾಗಮ್ಮಜ್ಜಿಯ ಹಿಮ್ಮಡಿಯನ್ನು ಎಲುಬು ಅಳೆಯುವ ಯಂತ್ರದೊಳಗಿಡಲು ನೆಲದಲ್ಲಿ ಕೂತು ಪಾದ ಹಿಡಿದೆ. ಅಜ್ಜಿ ತಟ್ಟನೆ ಬಾಗಿ ನನ್ನ ತಲೆ ಮುಟ್ಟಿದರು.

"ಹೊಟ್ಟಿ ತಣ್ಣಗಿರ್ಲಿ, ಮಗಳ!"

ಕಾಲು ಅಲುಗಿ ಅಳತೆ ಕೆಟ್ಟಿತು. ಮತ್ತೆ ಹಿಡಿದೆ, ಮತ್ತೆ ಹಾಗೇ.

"ಯವ್ವಾ, ನಾ ಮಿಷನ್ನಿನ್ಯಾಗ ನಿಮ್ಮ ಕಾಲು ಇಡಾಕತ್ತೇನಿ, ನಮಸ್ಕಾರ ಮಾಡಾಕತ್ತಿಲ್ರಿ!" ಎಂದು ರೇಗಿದೆ.

"ಕಾಲು ಮುಟ್ಟಿದವ್ರಿಗೆ ಹರಸದಂಗ ಸುಮ್ಮ ಕುಂದ್ರಬೇಕೇನು?"

ಕೊನೆಗೆ ಮೊದಲೇ ಆಶೀರ್ವಾದ ಪಡೆದು, ಆಮೇಲೆ ಪಾದ ಹಿಡಿದೆ. ಎಲುಬು ಬಹಳ ಸವೆದಿದೆ ಎಂದು ಯಂತ್ರ ತೋರಿಸಿತು.

"ಡಾಕ್ಟರಿಗೆ ತೋರಿಸ್ರಿ. ಅಲ್ಲೀತನಕ ಹಂಗ ಬಾಗಬ್ಯಾಡ್ರಿ."

"ಹಂಗಾದ್ರ ತಲಿ ನೀನ ತಗೊಂಡು ಬಾ."

ಹೊರಡುವಾಗ ನನ್ನ ತಲೆಯನ್ನು ಅವರ ಮಡಿಲವರೆಗೂ ಒಯ್ದೆ; ಅಜ್ಜಿ ಬಾಗದೇ ಹರಸಿದರು. ಈ ಸಲ ಅಲುಗಿದ್ದು ಅವರ ಕಾಲಲ್ಲ, ನಾನು.