ಏಳು ಕೆಂಪಿನ ರಟ್ಟು

ಹೋದ ವಾರ ಸೊಸೆ ಬ್ಲೌಸಿಗೆ ಕೆಂಪು ದಾರ ಬೇಕೆಂದು ನನ್ನ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು. ಗುಂಡಿ, ಹುಕ್ಕು, ತುಕ್ಕು ಹಿಡಿದ ಕತ್ತರಿಯ ನಡುವೆ ಅಂಗೈಯಗಲದ ಒಂದು ಬಿಳಿ ರಟ್ಟು ಬಿತ್ತು. ಅದಕ್ಕೆ ಏಳು ಬಗೆಯ ಕೆಂಪು ದಾರ ಸುತ್ತಿದೆ, ಕಿತ್ತಳೆಯಿಂದ ಹಿಡಿದು ಕಪ್ಪಿಗೆ ತಾಗುವ ಮರೂನಿನವರೆಗೆ. ಪ್ರತಿ ದಾರದ ಪಕ್ಕ ಪೆನ್ಸಿಲಿನ ಒಂದು ಅಂಕಿ. ದಾರ ಸುತ್ತಿದವಳು ನಾನು. ಅಂಕಿ ಬರೆದವರು ಪಕ್ಕದ ಮನೆಯ ಎಂಜಿನ್ ಡ್ರೈವರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕಮರ್ಷಿಯಲ್ ಸ್ಟ್ರೀಟಿನ ಮ್ಯಾಚಿಂಗ್ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಸೀರೆಗೆ ಬ್ಲೌಸ್ ಪೀಸು, ಫಾಲ್ಸು, ದಾರ ಹೊಂದಿಸಿ ಕೊಟ್ಟವಳು. ಯಾವ ಕೆಂಪು ಯಾವ ಕೆಂಪಿಗೆ ಕೂಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಡ್ರೈವರು ರಿಟೈರಾಗಿ ನಮ್ಮ ಜೋಗುಪಾಳ್ಯಕ್ಕೆ ಬಂದು ಒಬ್ಬರೇ ಇದ್ದರು. ಮಗಳು ಹುಬ್ಬಳ್ಳಿಯಲ್ಲಿ. ಸಕ್ಕರೆ ಕಾಯಿಲೆ ಇತ್ತು, ಕಾಫಿಗೆ ಎರಡು ಚಮಚ ಸಕ್ಕರೆಯೂ ಇತ್ತು. ರೈಲ್ವೆಯಲ್ಲಿ ಆಗಾಗ ಕಣ್ಣಿನ ಪರೀಕ್ಷೆ ಇರುತ್ತಿತ್ತಂತೆ, ಫೇಲಾದವನನ್ನು ಎಂಜಿನ್‌ನಿಂದ ಇಳಿಸುತ್ತಿದ್ದರಂತೆ. "ಒಂದ್ಸಲಾನೂ ಫೇಲಾಗಿಲ್ಲ ನಾನು" ಎಂದು ಹಾಲಿನವನಿಗೂ ಹೇಳುತ್ತಿದ್ದರು. ಆ ಪರೀಕ್ಷೆಯ ಭಯ ರಿಟೈರಾದ ಮೇಲೂ ಹೋಗಲಿಲ್ಲ. ಕಣ್ಣಿನ ಡಾಕ್ಟರೆಂದರೆ ಮಾತು ಬದಲಿಸಿಬಿಡುತ್ತಿದ್ದರು.

ನಮ್ಮಿಬ್ಬರ ಮನೆಗೂ ಒಂದೇ ಹಿತ್ತಲು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾವೇ ಕಟ್ಟಿದ ದೂರದರ್ಶಕ ಇಟ್ಟಿದ್ದರು. ನೋಡಿದರೆ ಮೋರಿಯ ಪೈಪು. ಒಂದು ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಕೂಗಿದರು.

"ಏನಮ್ಮಾ ಮ್ಯಾಚಿಂಗ್ ಸೆಂಟರು, ಸ್ವಲ್ಪ ಬನ್ನಿ ಇಲ್ಲಿ. ಇದು ಯಾವ ಕೆಂಪು ಹೇಳಿ ನೋಡೋಣ."

ಮೂರು ನಕ್ಷತ್ರ ಸಾಲಾಗಿ ನಿಲ್ಲುತ್ತವಲ್ಲ, ಅವುಗಳ ಕೆಳಗಡೆ, ಬರಿಗಣ್ಣಿಗೆ ಏನೂ ಇಲ್ಲದ ಕಡೆಗೆ ಕೊಳವೆ ತಿರುಗಿತ್ತು. ಒಳಗೆ ಬಿಳಿ ಚುಕ್ಕಿಗಳ ನಡುವೆ ಒಂದೇ ಒಂದು ಕೆಂಪು. ಯಾರೋ ಕತ್ತಲಲ್ಲಿ ನಿಂತು ಬೀಡಿ ಎಳೆಯುತ್ತಿರುವ ಹಾಗೆ. ನನಗೆ ಅದು ಹಿಡಿಸಲಿಲ್ಲ. ನೋಡುತ್ತಿದ್ದಷ್ಟೂ ಇನ್ನೂ ಕೆಂಪಾಗುತ್ತಿತ್ತು.

"ತುಂಬಾ ಹೊತ್ತು ನೋಡ್ಬೇಡಿ. ಕೆಂಪು ಕಣ್ಣಿಗೆ ಮೋಸ ಮಾಡುತ್ತೆ" ಎಂದರು.

ಅದು ಇಂಗಾಲದ ನಕ್ಷತ್ರವಂತೆ. ಒಳಗಿನ ಮಸಿ ಮೇಲೆ ಬಂದು ಅದನ್ನೇ ಮುಚ್ಚುತ್ತದಂತೆ, ಬತ್ತಿ ಸರಿಯಿಲ್ಲದ ಲಾಂದ್ರದ ಗಾಜಿನ ಹಾಗೆ. ಮಂಕಾದಷ್ಟೂ ಕೆಂಪು. ಒಮ್ಮೆ ಮಂಕಾಗಿ ಮತ್ತೆ ಬೆಳಗಲು ವರ್ಷಕ್ಕೂ ಮೇಲೆ ಬೇಕು. ಅದರ ಲೆಕ್ಕ ಇಡಲೆಂದೇ ನನ್ನ ಕೈಯಲ್ಲಿ ಈ ರಟ್ಟು ಮಾಡಿಸಿದರು. ಮೊದಲು ತಾವು ನೋಡಿ ಪುಸ್ತಕದಲ್ಲಿ ಅಂಕಿ ಬರೆದು, ಆಮೇಲೆ ಎಷ್ಟನೇ ದಾರದ ಕೆಂಪು ಎಂದು ನನ್ನನ್ನು ಕೇಳುತ್ತಿದ್ದರು. ಕೂಡಿದರೆ ಮಗುವಿನಂತೆ ನಗುತ್ತಿದ್ದರು.

ಎರಡನೇ ಚಳಿಗಾಲ ಈ ಕ್ರಮ ತಿರುವುಮುರುವಾಯಿತು. ಮೊದಲು ನನ್ನನ್ನು ಕೇಳಿ, ಆಮೇಲೆ ಬರೆಯತೊಡಗಿದರು. ಕೊಳವೆ ತಿರುಗಿಸಿ ಹುಡುಕಿ ಕೊಡುವ ಕೆಲಸವೂ ನನಗೇ ಬಂತು. ಕಲ್ಲಿನ ಅಂಚನ್ನು ಕೈಯಿಂದ ತಡವಿ ಕೂರುತ್ತಿದ್ದರು... ನಾನು ನೋಡುತ್ತಿದ್ದೆ.

ಸಂಕ್ರಾಂತಿಗೆ ಮುಂಚೆ ಒಂದು ಸಂಜೆ, ನಾನು ನಕ್ಷತ್ರ ಹುಡುಕಿ ಇಟ್ಟಾಗಲೇ ಹಲಸೂರು ಕೆರೆಯ ಕಡೆಯಿಂದ ಮೋಡ ಕವಿಯಿತು. ಕೊಳವೆಯಲ್ಲಿ ಬರೀ ಕಪ್ಪು.

"ಎಷ್ಟಮ್ಮಾ?" ಎಂದರು.

ಯಾಕೆ ಹಾಗೆ ಹೇಳಿದೆನೋ. "ಐದು" ಎಂದೆ.

ಅವರು ಬಾಗಿ ಕಣ್ಣಿಟ್ಟರು. ಬಹಳ ಹೊತ್ತು ಇಟ್ಟರು. "ಹೌದು, ಐದೇ. ಇವತ್ತು ಚೆನ್ನಾಗಿ ಕಾಣ್ತಿದೆ" ಎಂದು ಬರೆದುಕೊಂಡರು. ಅಂಕಿ ಗೆರೆಯಿಂದ ಕೆಳಗಿಳಿದಿತ್ತು.

ನಾನು ಬಟ್ಟೆ ಎತ್ತಿಕೊಂಡು ಒಳಗೆ ಬಂದು ಅಕ್ಕಿ ತೊಳೆದೆ. ಅರ್ಧ ಗಂಟೆಗೆಲ್ಲ ಹನಿ ಬಿತ್ತು.

ಎಲ್ಲರ ಮುಖದ ಮೇಲೆ ಹೇಳುವವಳು ನಾನು. ಕಣ್ಣು ಹೋಗುತ್ತಿದೆ ಎಂದು ಅವರಿಗೆ ಮಾತ್ರ ಹೇಳಲಿಲ್ಲ. ಪಾಪ ಅನ್ನಿಸಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಮೂವತ್ತು ವರ್ಷ ಅಂಗಡಿಯಲ್ಲಿ ನನ್ನ ಮಾತನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಈ ಮನುಷ್ಯ ಬರೆದುಕೊಳ್ಳುತ್ತಿದ್ದರು. ಅದು ನಿಂತುಹೋಗುವುದು ನನಗೆ ಬೇಡವಾಗಿತ್ತು. ಮಾರನೆಯ ಸಂಜೆಯೂ ಹೋದೆ. ಅಂಕಿ ಹೇಳಿದೆ. ಶಿವರಾತ್ರಿಯವರೆಗೂ ಹೇಳಿದೆ.

ಯುಗಾದಿಗೆ ಬಂದ ಮಗಳು, ಅಪ್ಪ ಒಬ್ಬಟ್ಟಿನ ತಟ್ಟೆ ಬಿಟ್ಟು ನೆಲ ತಡವುವುದನ್ನು ಕಂಡು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಸಕ್ಕರೆಯಿಂದ ಕಣ್ಣೊಳಗೆ ರಕ್ತ ಇಳಿದಿತ್ತು. ಎರಡು ಮೂರು ತಿಂಗಳು ಮುಂಚೆ ಬಂದಿದ್ದರೆ ಒಂದು ಕಣ್ಣಾದರೂ ಉಳಿಯುತ್ತಿತ್ತು ಎಂದರಂತೆ ಡಾಕ್ಟರು.

"ಯಾವಾಗಿಂದ ಹೀಗಿದ್ರು ಆಂಟಿ? ನಿಮಗೇನಾದ್ರೂ ಗೊತ್ತಾ?" ಎಂದು ಮಗಳು ಕೇಳಿದಳು. ನನಗೆ ದಿನದ ಸಮೇತ ಗೊತ್ತಿತ್ತು. ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಹುಬ್ಬಳ್ಳಿಗೆ ಹೊರಟ ದಿನ ಡ್ರೈವರು ನನ್ನ ಕೈಗೆ ಈ ರಟ್ಟು ಕೊಟ್ಟರು. ಮುಖ ನನ್ನ ಕಡೆಗಿರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು.

"ಆವತ್ತು ಐದು ಅಂದ್ರಲ್ಲ ಮ್ಯಾಚಿಂಗ್ ಸೆಂಟರು. ಆಮೇಲೆ ಮಳೆ ಬಂತು. ಮೋಡ ಇತ್ತಲ್ವಾ?"

"ಇತ್ತು."

"ನಂಗೂ ಆವತ್ತೇ ಗೊತ್ತಾಯ್ತು" ಎಂದರು. ಆಟೋ ಹೊರಟಿತು. ಎರಡು ವರ್ಷದ ಮೇಲೆ ಅಲ್ಲೇ ತೀರಿಕೊಂಡ ಸುದ್ದಿ ಬಂತು...

ಅವರ ಮನೆ ಒಡೆದು ಈಗ ನಾಲ್ಕು ಮಹಡಿ ಎದ್ದಿದೆ. ಹಿತ್ತಲಿನಿಂದ ಕಾಣುವುದು ಪಾರ್ಕಿಂಗಿನ ಟ್ಯೂಬ್‌ಲೈಟು.

ಹೋದ ವಾರ ಸೊಸೆ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, "ಐದನೇದು ನನ್ನ ಬ್ಲೌಸಿಗೆ ಆಗುತ್ತಾ ಅತ್ತೆ, ಇಲ್ಲ ಆರನೇದಾ?" ಎಂದಳು.

"ಯಾವುದಾದರೇನೇ, ಎರಡೂ ಒಂದೇ ಬಣ್ಣ."

"ಅಯ್ಯೋ, ಎಲ್ಲಿ ಒಂದೇ? ಐದು ಕುಂಕುಮ, ಆರು ಬೀಟ್‌ರೂಟು. ಏನತ್ತೆ, ನಿಮಗೇ ಕಾಣಲ್ವಾ?" ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ಕಣ್ಣು ನೋಡಿದಳು. "ಪೊರೆ ಬಂದಿದೆ. ನಾಳೆ ಬೆಳಿಗ್ಗೆ ಕಣ್ಣಾಸ್ಪತ್ರೆಗೆ ನಡೀರಿ, ಸುಮ್ನೆ ನೆಪ ಹೇಳ್ಬೇಡಿ."

ಅಷ್ಟು ಹೇಳಲು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಡ್ರೈವರಿಗೆ ಅದನ್ನೇ ಹೇಳಲು ನನ್ನ ಕೈಯಲ್ಲಿ ಒಂದು ಇಡೀ ಚಳಿಗಾಲವಿತ್ತು.