ಅಚ್ಚಾಗದ ಉತ್ತರಗಳು

ಪುಣೆಯ ಆಸ್ಪತ್ರೆಯೊಂದರಲ್ಲಿ ನನಗೆ ಕ್ಲಾರ್ಕ್ ಕೆಲಸ ಸಿಕ್ಕಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ಕನ್ನಡ ಮತ್ತು ಮರಾಠಿ ಎರಡೂ ಬರುತ್ತವೆ ಎಂಬ ಕಾರಣಕ್ಕೆ. ಅಲ್ಲಿ ಆಗ ಕೀಲುನೋವಿನ ಹೊಸ ಗುಳಿಗೆಯೊಂದರ ಪರೀಕ್ಷೆ ಶುರುವಾಗಿತ್ತು. ಅರ್ಧ ರೋಗಿಗಳಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಹೋಗುತ್ತಿದೆ ಎಂಬುದು ಕೊನೆಯವರೆಗೂ ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ರೋಗಿಗಳಲ್ಲಿ ಬಹಳ ಮಂದಿ ಗುಲ್ಬರ್ಗಾ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ವಾರಕ್ಕೊಮ್ಮೆ ಅವರನ್ನು ಕೂರಿಸಿಕೊಂಡು ಮೆಟ್ಟಿಲು ಹತ್ತಲು ಆಗುತ್ತದೆಯೇ, ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ ಎಂದು ಕೇಳಿ ಫಾರಂ ತುಂಬುವುದು ನನ್ನ ಕೆಲಸ. ಪುಣೆಯಂಚಿನ ಹಡಪಸರದ ಕಡೆ ಕಲ್ಲು ಹೊರುತ್ತಿದ್ದ ಹೆಂಗಸೊಬ್ಬಳು ಒಂದು ವಾರವೂ ತಪ್ಪಿಸಲಿಲ್ಲ. ಒಮ್ಮೆ ನನ್ನ ಪೆನ್ನನ್ನೇ ನೋಡುತ್ತ ಕೇಳಿದಳು: “ಅಕ್ಕಾರ, ನಾ ಹೇಳಿದ್ದೆಲ್ಲಾ ಬರ್ಕೊಂತೀರಲ್ಲ, ಇದು ಮುಂದ ಎಲ್ಲಿಗೆ ಹೋಗ್ತದ್ರಿ?”

ಪುಸ್ತಕದಲ್ಲಿ ಅಚ್ಚಾಗುತ್ತದೆ, ಎಲ್ಲ ಊರಿನ ಡಾಕ್ಟರರೂ ಓದುತ್ತಾರೆ ಎಂದೆ. ನಾನು ಹಾಗೆಯೇ ನಂಬಿದ್ದೆ.

ಪರೀಕ್ಷೆ ಮುಗಿದ ಮೇಲೆ ಯಾರಿಗೆ ಯಾವ ಗುಳಿಗೆ ಎಂದು ಬರೆದಿಟ್ಟಿದ್ದ, ಮುದ್ರೆ ಹಾಕಿದ ಲಕೋಟೆ ಒಡೆದು ಲೆಕ್ಕ ಹಾಕಿದೆವು. ಎರಡೂ ಗುಂಪಿನ ನೋವು ಒಂದೇ ಮಟ್ಟದಲ್ಲಿತ್ತು. ನಿಜವಾದ ಗುಳಿಗೆ ನುಂಗಿದವರಿಗೆ ಹೊಟ್ಟೆಯೊಳಗೆ ಉರಿ ಮಾತ್ರ ಹೆಚ್ಚು. ವಿಭಾಗದ ಮುಖ್ಯಸ್ಥರಾಗಿದ್ದ ಡಾಕ್ಟರು ವಿಜಾಪುರದವರು, ಒಳ್ಳೆಯ ಮನುಷ್ಯ. ಅವರು ಕಾಗದಗಳನ್ನು ಕಟ್ಟಿ ಕಪಾಟಿನಲ್ಲಿಟ್ಟರು. ತಿಂಗಳಿಗೊಮ್ಮೆ ಬರುತ್ತಿದ್ದ, ಆ ಗುಳಿಗೆ ತಯಾರಿಸುವ ಕಂಪನಿಯವನು ಬರುವುದನ್ನು ನಿಲ್ಲಿಸಿದ. ಬೇರೆ ಊರುಗಳಲ್ಲಿ ಗುಳಿಗೆಯಿಂದ ಗುಣ ಕಂಡಿದೆ ಎಂಬ ವರದಿಗಳು ಮಾತ್ರ ಅಚ್ಚಾದವು. ಕೆಲವೇ ದಿನಗಳಲ್ಲಿ ನಮ್ಮ ಆಸ್ಪತ್ರೆಯ ಔಷಧದ ಕಿಟಕಿಯಲ್ಲೂ ಅದೇ ಗುಳಿಗೆ ಕೊಡತೊಡಗಿದರು. ವರ್ಷಗಟ್ಟಲೆ ದಿನಾ ಆ ಕಿಟಕಿಯ ಮುಂದಿನ ರೋಗಿಗಳ ಸಾಲನ್ನು ದಾಟಿ ನನ್ನ ಮೇಜಿಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ.

ಎಂಬತ್ತರ ದಶಕದಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಒಬ್ಬರು ಬಂದು ಸೇರಿದರು. ಅಚ್ಚಾದ ವರದಿಗಳನ್ನಷ್ಟೇ ಓದಿದರೆ ಯಾವ ಔಷಧವೂ ಒಳ್ಳೆಯದೇ ಎನಿಸುತ್ತದೆ, ಅಚ್ಚಾಗದೆ ಉಳಿದದ್ದನ್ನೂ ಕೂಡಿಸಿ ನೋಡಬೇಕು ಎನ್ನುವುದು ಅವರ ವಾದ. ಆ ಗುಳಿಗೆಯನ್ನೇ ಹಿಡಿದರು. ಅಚ್ಚಾಗದ ಪರೀಕ್ಷೆಗಳ ಕಾಗದ ಕೇಳಿ ಊರೂರಿನ ಆಸ್ಪತ್ರೆಗಳಿಗೆ ಬರೆದ ಪತ್ರಗಳನ್ನೆಲ್ಲ ಟೈಪ್ ಮಾಡಿದವಳು ನಾನು. ಹೆಚ್ಚಿನವರು ಉತ್ತರಿಸಲಿಲ್ಲ. ಗೆದ್ದಲು ತಿಂದಿದೆ ಎಂದು ಒಬ್ಬರು, ಕಂಪನಿಯನ್ನು ಕೇಳಿ ಎಂದು ಇನ್ನೊಬ್ಬರು. ಅವು ಒಳಗಿನ ಕಾಗದ, ಕೊಡಲಾಗದು ಎಂದಿತು ಕಂಪನಿ. ಅಷ್ಟಾದರೂ ನಮ್ಮಲ್ಲೇ ಒಂದು ಪರೀಕ್ಷೆ ನಡೆದಿತ್ತೆಂದು ಹೇಳಲು ನಾನು ಎರಡು ವಾರ ತೆಗೆದುಕೊಂಡೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿಯಾರು ಎಂಬ ಅಂಜಿಕೆ. ಅವರು ಕೇಳಲಿಲ್ಲ. ಕಾಗದ ಎಲ್ಲಿದೆ ಎಂದಷ್ಟೇ ಕೇಳಿದರು.

ಕಪಾಟು ಎಂದೋ ಖಾಲಿಯಾಗಿತ್ತು. ನಿವೃತ್ತರಾಗಿ ಹಡಪಸರದಲ್ಲಿದ್ದ ಮುಖ್ಯಸ್ಥರ ಮನೆಗೆ ಬಸ್ಸು ಹಿಡಿದು ಹೋದೆ. ಬಂದ ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಕಂಪನಿಯವ್ರು ಬ್ಯಾಡ ಅಂದಿದ್ರ ನನಗ ಹಗುರ ಆಗ್ತಿತ್ರಿ ಬಾಯಾರ. ಯಾರೂ ಬ್ಯಾಡ ಅನ್ನಲಿಲ್ಲ. ಉಪಯೋಗ ಆಗಲಿಲ್ಲ ಅಂತ ಬರದ್ರ ಯಾರ್ ಓದ್ತಾರ ಅಂತ ನಾನೇ ಬಿಟ್ಟೆ.”

“ಆ ಗುಳಿಗಿ ಇನ್ನೂ ಕೊಡ್ಲಿಕ್ಕತ್ಯಾರ್ರಿ ಸರ್.”

“ಗೊತ್ತದ. ನಮ್ಮ ಮನಿಯವ್ರಿಗೂ ಇಲ್ಲಿ ಡಾಕ್ಟರು ಅದನ್ನ ಬರ್ದಿದ್ರು. ನುಂಗಬ್ಯಾಡ ಅಂದೆ. ಯಾಕ ಅಂತ ಹೇಳಲಿಲ್ಲ.”

ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದ ಅವರ ಹೆಂಡತಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಆಸ್ಪತ್ರೆ ಬಿಡುವಾಗ ಅವರು ತಂದಿಟ್ಟಿದ್ದ ಕಟ್ಟು ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ತೆರೆದರೆ ಎಲ್ಲ ಹಾಳೆಗಳಲ್ಲೂ ನನ್ನದೇ ಕೈಬರಹ.

ಮಸುಕಾಗಿದ್ದ ಆ ಫಾರಂಗಳನ್ನು ಬಿಡಿಸಿ ಬರೆಯಲು ವಾರಗಳೇ ಹಿಡಿದವು. ಕಣ್ಣು ಉರಿಯುತ್ತಿತ್ತು, ಕುತ್ತಿಗೆ ಸೆಟೆಯುತ್ತಿತ್ತು. ಕಲ್ಲು ಹೊರುತ್ತಿದ್ದವಳ ಹಾಳೆಯಲ್ಲಿ “ಮೊದಲಿನಂತೆಯೇ” ಎಂದು ವಾರ ವಾರವೂ ಬರೆದಿದ್ದೆ. ಅವಳು ಆ ಕಟ್ಟಡ ಕೆಲಸ ಬಿಟ್ಟು ಎಲ್ಲಿಗೆ ಹೋದಳೋ.

ನಮ್ಮದೂ ಸೇರಿ ಸಿಕ್ಕ ಕೆಲವು ಪರೀಕ್ಷೆಗಳನ್ನು ಅಚ್ಚಾದವುಗಳ ಜೊತೆ ಕೂಡಿಸಿದಾಗ ಗುಳಿಗೆಯ ಗುಣ ಇಲ್ಲವೆನ್ನುವಷ್ಟು ಕುಗ್ಗಿತು. ಡಾಕ್ಟರಮ್ಮನ ಲೇಖನ ಎರಡು ಸಲ ವಾಪಸ್ಸು ಬಂತು. ಇದರಲ್ಲಿ ಹೊಸದೇನಿಲ್ಲ ಎಂದು ಒಬ್ಬ ಸಂಪಾದಕರು ಬರೆದಿದ್ದರು.  ಅದನ್ನು ಓದಿ ಡಾಕ್ಟರಮ್ಮ ಇನ್ನೊಂದು ವಿಳಾಸ ಟೈಪ್ ಮಾಡಲು ಹೇಳಿದರು. ಕಡೆಗೆ ತೆಳ್ಳನೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನಮ್ಮ ಆಸ್ಪತ್ರೆಯಲ್ಲಿ ಆ ಗುಳಿಗೆ ನಿಂತಿತು. ಹೊರಗಿನ ಅಂಗಡಿಗಳಲ್ಲಿ ಮಾರಾಟ ನಡೆದೇ ಇತ್ತು.

ಮರುವರ್ಷ ಡಾಕ್ಟರಮ್ಮ ಬೇರೆ ಆಸ್ಪತ್ರೆಗೆ ಹೊರಟರು. ಹೀಗೆಯೇ ಹುಡುಕಿ ನೋಡಬೇಕಾದ ಇನ್ನೊಂದು ಔಷಧದ ಹೆಸರು ಕೈಯಲ್ಲಿತ್ತು. ಜೊತೆಗೆ ಬರುತ್ತೀರಾ ಎಂದು ನನ್ನನ್ನು ಕೇಳಿದರು. ಕಣ್ಣು ಸೋತಿದೆ ಎಂದೆ, ಅದು ಸುಳ್ಳೂ ಅಲ್ಲ. ಆದರೆ ನಿಜವಾಗಿ ನನಗೆ ಸಾಕಾಗಿತ್ತು. ಅವರು ಒತ್ತಾಯ ಮಾಡಲಿಲ್ಲ, ಟೈಪ್ ಮಾಡಿದ ಪತ್ರಗಳ ನಕಲನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು. ನಾನು ನಿವೃತ್ತಿಯವರೆಗೂ ರಜೆ ಅರ್ಜಿಗಳನ್ನು ಟೈಪ್ ಮಾಡಿಕೊಂಡಿದ್ದೆ.