ತೂಬಿನ ಬಳಿಯ ಲೋಳೆ

ಹರಿಹರದಿಂದ ಭಾನುವಳ್ಳಿಗೆ ಹೊರಟ ಬಸ್ಸು ಇಂಜಿನ್ ಕಾದು ಕಾಲುವೆಯ ಬಳಿ ನಿಂತಿತು. ಶಿವರಾತ್ರಿ ಕಳೆದು ಎರಡು ದಿನವಾಗಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬೇಸಿಗೆಯಲ್ಲಿ ಈ ಹೊಸ ಕಾಲುವೆಗೆ ನೀರು ಬಿಟ್ಟದ್ದು ಇದೇ ಮೊದಲಂತೆ.

ತೂಬಿನಿಂದ ಸೋರಿದ ನೀರು ಪಕ್ಕದ ಗುಂಡಿಯಲ್ಲಿ ನಿಂತಿತ್ತು. ಅದರ ಮೇಲೆ ಬೊಗಸೆಯಷ್ಟು ಲೋಳೆ ತೇಲುತ್ತಿತ್ತು. ಒಳಗೆಲ್ಲ ಕರಿ ಚುಕ್ಕೆ, ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ. ಬಸಣ್ಣನೆಂಬ ರೈತ ಬಾಯಾರಿದ ಎತ್ತುಗಳನ್ನು ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ.

“ಸರ್ಕಾರದ ನೀರಿನ ಜೊತಿಗೆ ಬಂದಿದ್ದು ಕಣ್ರಿ ಇದು, ವಿಷಾನೋ ಏನೋ. ಬ್ಯಾಸಿಗ್ಯಾಗ ಇಂಥದ್ದು ಯಾವತ್ತೂ ಕಂಡಿಲ್ಲ,” ಎಂದು ಬಸ್ಸಿಳಿದು ನಿಂತಿದ್ದ ನನಗೆ ಹೇಳಿದ. ಈ ನೀರನ್ನು ನಂಬಿ ಭತ್ತ ಹಾಕುವುದೋ ಬೇಡವೋ ಎಂದು ತಿಂಗಳಿಂದ ಹಿಂದೆಮುಂದೆ ನೋಡುತ್ತಿದ್ದನಂತೆ.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಗೌರವ್ವ ಅವನ ಮನೆಯಲ್ಲೇ ಇರುವ ಸೋದರತ್ತೆ. ಇಳಿದು ಬಂದವಳು ಲೋಳೆಯನ್ನು ಅಂಗೈಯಲ್ಲಿ ಎತ್ತಿ ನೋಡಿದಳು.

“ಕಪ್ಪೆ ತತ್ತಿ ಕಣೋ ಬಸ್ಯಾ! ಮಳೆಗಾಲದಾಗ ವರ್ಷಾ ನೋಡ್ತೀಯಲ್ಲ.”

“ಈಗೆಲ್ಲೈತೆ ಅತ್ತೆ ಮಳೆ?”

“ಅವೇನು ಪಂಚಾಂಗ ನೋಡ್ತಾವಾ? ನೀರು ನೋಡಿದ್ವು, ಇಟ್ವು.”

ಲೋಳೆಯನ್ನು ಮೆಲ್ಲಗೆ ಗುಂಡಿಗೇ ಬಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬಸಣ್ಣ ಎತ್ತುಗಳನ್ನು ಕಾಲುವೆಗೆ ಇಳಿಸಿದ.

ಬಸ್ಸು ಗುಡುಗುಡಿಸಿ ಹೊರಟಿತು. ಅವನು ಓಡಿ ಬಂದು ಕಿಟಕಿಗೆ ಕೂಗಿದ: “ಅತ್ತೆ, ಮನಿಗೆ ಹೋದ ಕೂಡ್ಲೆ ಬೀಜದ ಭತ್ತ ನೆನೆ ಹಾಕು!”